ಉಪವಾಸ ಮಾಡಿದ ಅರಳಿಮರ

ಬೇರು ನೋಡಿ ಮರದ ರೋಗ ಹೇಳೋದ್ರಲ್ಲಿ ನಂಜನಗೂಡಿಂದ ತಿ. ನರಸೀಪುರದವರೆಗೂ ನನ್ನಂಥವನಿಲ್ಲ. ಹೆಮ್ಮರಗಾಲದ ಅರಳಿಮರ ಒಣಗ್ತಿತ್ತು; ಮನೆಗಳ ಮೇಲೆ ಬಿದ್ದೀತು ಅಂತ ಊರವರು ನಾನು ಹೋದ ಮಾರನೇ ದಿನವೇ ಕಡಿಸೋರಿದ್ದರು. ಕಟ್ಟೆಯ ಸಿಮೆಂಟು ಒಡೆಸಿದೆ. ಅರ್ಧ ಬೇರು ಕಪ್ಪಾಗಿ ನಾರ್ತಿತ್ತು.

"ಹೆಂಗಸರು ದಿನಾ ಸುರಿಯೋ ನೀರು ನಿಂತು ಬೇರು ಕೊಳೆತಿದೆ. ನೀರು ನಿಲ್ಸಿ, ಮರ ಉಳಿಸ್ತೀನಿ" ಅಂದೆ.

"ದ್ಯಾವ್ರಿಗೆ ನೀರು ಬುಡಬ್ಯಾಡ ಅನ್ನಕೆ ನೀನ್ಯಾವನ್ಲಾ?" ಬಿಂದಿಗೆ ಹಿಡಿದಿದ್ದ ಅಜ್ಜಿಯೊಂದು ಎಗರಿಬಿತ್ತು.

ನಾನು ಸುಮ್ಮನಿರೋನಾ? "ನೀನು ಸೋಮವಾರ ಉಪವಾಸ ಇರಕಿಲ್ವಾ ಅಜ್ಜಿ? ದ್ಯಾವ್ರೂ ಒಂದೆರಡು ತಿಂಗಳು ಇರ್ಲಿ ಬುಡು!"

ಅಜ್ಜಿ ಬಿಂದಿಗೆ ಕೆಳಗಿಟ್ಟಿತು. ನಾನು ಕೊಳೆತ ಬೇರು ಕತ್ತರಿಸಿ, ಮೈಲುತುತ್ತ-ಸುಣ್ಣದ ದ್ರಾವಣ ಸುರಿದು, ನೀರು ಹರಿದುಹೋಗಲು ಕಾಲುವೆ ತೋಡಿದೆ. ಮರ ಚಿಗುರಿತು.

ಈಗ ಆ ಊರಿಗೆ ಹೋದರೆ, ದೇವರಿಗೇ ಉಪವಾಸ ಹೇಳಿದವನಲ್ಲವೇ, ಮಗಳ ಮದುವೆಗೆ ಒಳ್ಳೇ ದಿನ ಯಾವುದು ಅಂತ ನನ್ನನ್ನೇ ಕೇಳ್ತಾರೆ. ನನಗಿನ್ನೂ ಹೆಣ್ಣೇ ಸಿಕ್ಕಿಲ್ಲ!