ಒಡಪಿನ ಕೀಲಿ

ಆ ಗೂಢಲಿಪಿ ಲೈಬ್ರರಿ, ಅಂದರೆ ಗುಟ್ಟು ಕಾಯುವ ಸಿದ್ಧ ಪ್ರೋಗ್ರಾಮುಗಳ ಕಟ್ಟು, ನನಗೆ ಸಿಕ್ಕಿದ್ದು ಪತ್ರಿಕೆಯೊಂದರ ಜೊತೆ ಬಂದ ಸಿಡಿಯಲ್ಲಿ. ಫೈಲಿಗೆ ಕೀಲಿ ಹಾಕುವುದು, ಅದನ್ನು ಯಾರಾದರೂ ತಿದ್ದಿದರೆ ಪತ್ತೆ ಹಚ್ಚುವುದು, ಯಾರೂ ಊಹಿಸಲಾಗದ ಸಂಖ್ಯೆ ಹುಟ್ಟಿಸುವುದು, ಪಾಸ್‌ವರ್ಡಿನಿಂದ ಕೀಲಿಕೈ ತಯಾರಿಸುವುದು ಎಲ್ಲ ಅದರಲ್ಲಿ ಸಿದ್ಧವಿತ್ತು. ಪ್ರೋಗ್ರಾಮು ಬರೆಯುವವನು ತನ್ನ ಪ್ರೋಗ್ರಾಮಿನೊಳಗಿಂದ ಅವನ್ನು ಕರೆದರೆ ಸಾಕು. ಒಳಗಿನ ಗಣಿತ ಒಂದಕ್ಷರ ತಿಳಿಯದಿದ್ದರೂ ನನ್ನ ತಲೆಗೆ ಕೋಡು ಮೂಡಿತ್ತು.

ಇಳಕಲ್‌ನ ನಮ್ಮ ಓಣಿಯಲ್ಲಿ ನೇಕಾರ ಅಣ್ಣನೊಬ್ಬರಿದ್ದರು. ಸೀರೆಯ ದಡಿಯ, ಅಂದರೆ ಅಂಚಿನ, ನಕ್ಷೆ ಬಿಡಿಸಲು ಅವರಿಗೊಂದು ಪ್ರೋಗ್ರಾಮು ಮಾಡಿಕೊಟ್ಟಿದ್ದೆ. ಹೊಸ ದಡಿ ತಿಂಗಳೊಳಗೆ ಬೇರೆಯವರ ಮಗ್ಗದಲ್ಲಿ ಕಾಣಿಸುತ್ತದೆ ಎಂಬ ಸಂಕಟದಿಂದ, ನಕ್ಷೆಗಳಿಗೆ ಕೀಲಿ ಹಾಕು ಎಂದರು. ಉದ್ದನೆಯ ಪಾಸ್‌ವರ್ಡ್ ಬೇಕು ಎಂದೆ. ಗಂಡನ ಹೆಸರನ್ನು ಬರಿದೇ ಹೇಳಬಾರದೆಂದು ನಮ್ಮ ಹೆಣ್ಣುಮಕ್ಕಳು ಪದ್ಯ ಕಟ್ಟಿ ಅದರಲ್ಲಿ ಸೇರಿಸಿ ಹೇಳುತ್ತಾರೆ, ಅದು ಒಡಪು. ಮದುವೆಯಲ್ಲಿ ಹೆಂಡತಿ ಹೇಳಿದ ಒಡಪೇ ಆಗಲಿ ಎಂದು ಅಣ್ಣ ನಕ್ಕರು. ಅಣ್ಣನ ಹೆಂಡತಿ, ಶಾಲೆ ಕಲಿಯದ ವೈನಿ, ಸೆರಗನ್ನು ಬಾಯಿಗೆ ಹಿಡಿದು ನಗುತ್ತ ಹೇಳಿದರು, ನಾನು ಟೈಪು ಮಾಡಿದೆ. ಇನ್ನು ಈ ಒಡಪಿಲ್ಲದೆ ಇದನ್ನು ನಾನೂ ತೆಗೆಯಲಾರೆ ಎಂದು ಎದೆಯುಬ್ಬಿಸಿದೆ. ಅದೇ ಧೈರ್ಯದಲ್ಲಿ ಅಣ್ಣ ನಕ್ಷೆ ಬರೆದಿಟ್ಟಿದ್ದ ಹಳೆಯ ಗ್ರಾಫ್ ಹಾಳೆಗಳನ್ನೆಲ್ಲ ಒಲೆಗೆ ಹಾಕಿದರು.

ಎರಡು ವರ್ಷ ದಿನಾ ಅಣ್ಣನೇ ಒಡಪು ಟೈಪು ಮಾಡಿ ತೆರೆಯುತ್ತಿದ್ದರು. ಒಂದು ದಿನ ಬಾಗಲಕೋಟೆಯಿಂದ ಬರುವ ಬಸ್ಸಿನಲ್ಲಿ ಎದೆ ಹಿಡಿದುಕೊಂಡು ಕೂತವರು ಏಳಲಿಲ್ಲ.

ದಿನಕರ್ಮ ಮುಗಿದ ಮೇಲೆ ವೈನಿ ನನ್ನನ್ನು ಕರೆಸಿದರು. ನಕ್ಷೆ ಸಿಗದೆ ಮಗ್ಗ ನಿಂತಿದ್ದವು. ನೇಯುವವರು ಬೇರೆ ಕಡೆ ಕೆಲಸ ನೋಡುತ್ತಿದ್ದರು.

"ತಮ್ಮಾ, ಕೀಲಿ ಮಾಡಿದಾಂವ ನೀನ. ನಿನ್ನ ಕಡೆ ಇನ್ನೊಂದು ಕೀಲಿಕೈ ಇಲ್ಲೇನು?"

ಇರಲಿಲ್ಲ. ಇರಬಹುದಿತ್ತು. ಒಂದೇ ಕೀಲಿಗೆ ಎರಡು ಪಾಸ್‌ವರ್ಡ್ ಇಡುವ ಬಗೆಯನ್ನು ಲೈಬ್ರರಿಯ ಕೈಪಿಡಿಯಲ್ಲೇ ಬರೆದಿದ್ದರು. ಇದೆಲ್ಲ ಯಾರಿಗೆ ಬೇಕು ಎಂದು ಆ ಪುಟ ಹಾರಿಸಿದವನು ನಾನು. ಇವತ್ತಿಗೂ ನನ್ನ ಮೇಲೆ ನನಗೆ ಸಿಟ್ಟಿದೆ.

ಗಂಡ ಹೋದವರು ನಮ್ಮಲ್ಲಿ ಒಡಪು ಹೇಳುವುದಿಲ್ಲ. ಅವರನ್ನೇ ನಾನು ಒಡಪು ಕೇಳಬೇಕಾಯಿತು. ವೈನಿ ಶುರು ಮಾಡಿದರು, ಗಂಡನ ಹೆಸರು ಬರುವ ಕೊನೆಯ ಸಾಲಿಗೆ ಬಂದು ನಿಲ್ಲಿಸಿದರು. ಅಣ್ಣನ ಹೆಸರನ್ನು ನಾನೇ ಸೇರಿಸಿ ನೋಡಿದೆ. ಕಳ್ಳರಿಗೆ ಬೇಸರ ಬರಲೆಂದು ಆ ಲೈಬ್ರರಿ ಪ್ರತಿ ಸಲವೂ ಬೇಕೆಂದೇ ತಡಮಾಡುತ್ತದೆ. ಇಬ್ಬರೂ ಕಾದೆವು. ತೆರೆಯಲಿಲ್ಲ. ಮತ್ತೊಂದು ಬಗೆಯಲ್ಲಿ ಸೇರಿಸಿದೆ, ಮತ್ತೆ ಕಾದೆವು.

"ಹೇಳಾಕ ಬೇಕೇನು?"

"ಹೇಳಬೇಕ್ರಿ ವೈನಿ."

ಅವರು ಎದ್ದು ಬಾಗಿಲು ಮುಂದೆ ಮಾಡಿ ಬಂದರು. ಗೋಡೆಗೆ ಮುಖ ಮಾಡಿ ಕೂತು, ಮೊದಲಿನಿಂದ ಕೊನೆಯವರೆಗೆ, ಹೆಸರು ಸಮೇತ ಹೇಳಿದರು. ಪರದೆಯ ತುಂಬ ದಡಿಗಳು ಬಂದವು. ಅವರು ತಿರುಗಿ ನೋಡಲಿಲ್ಲ.

"ಬ್ಯಾರೆ ಮಾತು ಹಾಕು ತಮ್ಮಾ. ನಾ ಇನ್ನೊಮ್ಮಿ ಹೇಳಂಗಿಲ್ಲ."

ಹಾಕಿದೆ, ಈ ಸಲ ಎರಡು. ಹಳೆಯದನ್ನು ಅಳಿಸುವ ಆಜ್ಞೆಯೂ ಲೈಬ್ರರಿಯಲ್ಲಿತ್ತು, ಅದನ್ನೂ ಕರೆದೆ. ವೈನಿ ನಗುತ್ತ ಹೇಳಿದ್ದ ಒಡಪು ನನಗೆ ಮರೆತೇ ಹೋಗಿತ್ತು. ಗೋಡೆ ನೋಡುತ್ತ ಹೇಳಿದ್ದು ಒಂದಕ್ಷರವೂ ಮರೆತಿಲ್ಲ.