ಅಪ್ಪನ ಹೆಸರಿನ ಲೈನು

ಅವಳ ತಮ್ಮ ಕಂಪ್ಯೂಟರಿನ ಹೊಟ್ಟೆ ಬಿಚ್ಚಿ ಹೊಸ ಮದರ್‌ಬೋರ್ಡ್ ಕೂರಿಸಿ, "ಅಕ್ಕಾ, ಇನ್ಮೇಲೆ ಇದು ಕುದುರೆ ನೋಡು," ಎಂದ. ಕುದುರೆ ಎದ್ದು ನಿಂತಿತು, ಹೆಜ್ಜೆ ಮಾತ್ರ ಇಡಲಿಲ್ಲ. ಇಂಟರ್ನೆಟ್ಟೇ ಇಲ್ಲ.

ಅವಳು ಗಡಿಯಾರ ನೋಡಿದಳು. ಆಸ್ಪತ್ರೆಯ ವೈದ್ಯರು ಮಾತಿನಲ್ಲಿ ಹೇಳಿ ಕಳಿಸಿದ್ದನ್ನು ಕೇಳಿ ಟೈಪು ಮಾಡುವುದು ಅವಳ ಕೆಲಸ. ಸಂಜೆಯೊಳಗೆ ಮುಗಿಸದಿದ್ದರೆ ಆ ಕೆಲಸ ಇನ್ನೊಬ್ಬರಿಗೆ ಎಂದು ಮೇಲ್ವಿಚಾರಕಿ ಖಡಾಖಂಡಿತವಾಗಿ ಹೇಳಿದ್ದಳು. ರೋಗಿಗಳ ಗುಟ್ಟೆಂದು, ಮನೆಯ ಈ ಇಂಟರ್ನೆಟ್ ಲೈನಿನಿಂದಲ್ಲದೆ ಬೇರೆಲ್ಲಿಂದಲೂ ಆಫೀಸಿನವರು ಒಳಗೆ ಬಿಡುತ್ತಿರಲಿಲ್ಲ. ಹೊರಗೆ ಹೋಗಿ ದುಡಿಯುವ ಹಾಗೂ ಇಲ್ಲ. ಪಾರ್ಶ್ವವಾಯು ಹೊಡೆದ ಅಪ್ಪನ ಮಂಚ, ಅವಳ ಮೇಜು ಎರಡೂ ಒಂದೇ ಕೋಣೆಯಲ್ಲಿ. ಕುರ್ಚಿ ಹಿಂದಕ್ಕೆ ಸರಿಸಿದರೆ ಮಂಚಕ್ಕೆ ತಗಲುತ್ತಿತ್ತು. ಹೊರಗಿನ ಲೋಕ ಅವಳ ಪಾಲಿಗೆ ಕಿಟಕಿಯಿಂದಿಳಿದ ಬೂದು ತಂತಿಯಷ್ಟೇ ದಪ್ಪ.

"ಹೊಸ ಬೋರ್ಡಿನ ಡ್ರೈವರ್ ಸಾಫ್ಟ್‌ವೇರ್ ಇಲ್ಲ ಅಕ್ಕಾ. ಇಂಟರ್ನೆಟ್‌ನಿಂದ ಇಳಿಸ್ಕೋಬೇಕು."

"ಇಂಟರ್ನೆಟ್ ಬರೋಕೆ ಇಂಟರ್ನೆಟ್ ಬೇಕಾ? ಚೆನ್ನಾಗಿದೆ ಕಣೋ ನಿನ್ನ ಕುದುರೆ."

ಅವನು ಮುಖ ಸಪ್ಪಗೆ ಮಾಡಿಕೊಂಡು ಅದನ್ನು ಫೋನಿನಲ್ಲಿ ಇಳಿಸಿ ಕಂಪ್ಯೂಟರಿಗೆ ಹಾಕಿದ. ತಂತಿಯ ಬುಡದಲ್ಲಿ ಹಸಿರು ದೀಪ ಹತ್ತಿತು. ಆದರೂ ಲೈನು ಒಳಗೆ ಬಿಡಲಿಲ್ಲ.

ಆಗ ಅವಳಿಗೆ ಹೊಳೆಯಿತು. ಅಪ್ಪ ಬಸ್ಸುಗಳಲ್ಲಿ ಟಿಕೆಟ್ ತಪಾಸಣೆ ಮಾಡುತ್ತಿದ್ದವರು. ಲೈನು ಹಾಕಿಸಿದ ದಿನ, "ಪಕ್ಕದ ಮನೆಯವರು ಪುಕ್ಕಟೆ ಸವಾರಿ ಮಾಡ್ಬಾರ್ದು. ಇದೊಂದು ಕಂಪ್ಯೂಟರ್ ಬಿಟ್ಟು ಬೇರೆ ಯಾವ್ದಕ್ಕೂ ಕೊಡ್ಬೇಡಿ," ಎಂದು ಹಟ ಹಿಡಿದು ಕಟ್ಟು ಹಾಕಿಸಿದ್ದರು. ಲೈನು ಗುರುತಿಟ್ಟುಕೊಂಡದ್ದು ಹಳೆಯ ಬೋರ್ಡಿನ ನಂಬರನ್ನು. ಹೊಸದು ಅದರ ಲೆಕ್ಕದಲ್ಲಿ ಟಿಕೆಟ್ ಇಲ್ಲದ ಪ್ರಯಾಣಿಕ.

ಲೈನಿನ ಕಂಪನಿಗೆ ಫೋನು ಮಾಡಿ, ಹೊಸ ಬೋರ್ಡಿನ ನಂಬರ್ ಸೇರಿಸಿ ಎಂದಳು. "ಲೈನ್ ನಿಮ್ಮ ತಂದೆ ಹೆಸರಲ್ಲಿದೆ ಮೇಡಂ," ಎಂದಿತು ಹುಡುಗಿಯ ದನಿ. "ಒಪ್ಪಿಗೆ ಅವರ ಬಾಯಿಂದಾನೇ ಬರ್ಬೇಕು. ರೆಕಾರ್ಡ್ ಆಗುತ್ತೆ."

ಅಪ್ಪನ ಬಾಯಲ್ಲಿ ಉಳಿದಿದ್ದದ್ದು ಒಂದೇ ಮಾತು: ಬೇಡ. ನೀರು ಬೇಕೇ ಎಂದರೆ ಬೇಡ ಎನ್ನುತ್ತಲೇ ಗಟಗಟನೆ ಕುಡಿಯುತ್ತಿದ್ದರು.

"ಮುಗೀತು," ತಲೆಯ ಮೇಲೆ ಕೈಹೊತ್ತ ತಮ್ಮ. "ಹೊಸದು ಸೇರಿಸ್ಲಾ ಅಂತಾಳೆ, ಅಪ್ಪ ಬೇಡ ಅಂತಾರೆ."

ಅವಳು ಮತ್ತೆ ಫೋನಿನತ್ತ ತಿರುಗಿದಳು. "ಮೇಡಂ, ಅಪ್ಪಂಗೆ ಜಾಸ್ತಿ ಮಾತಾಡಕ್ಕಾಗಲ್ಲ. ಹಳೇ ನಂಬರ್ ಇಟ್ಕೋಬೇಕಾ ಅಂತ ಕೇಳಿ, ಸಾಕು." ಸ್ಪೀಕರ್ ಒತ್ತಿ ಫೋನನ್ನು ಅಪ್ಪನ ಬಾಯಿಗೆ ಹಿಡಿದಳು.

"ಸಾರ್, ಹಳೇ ನಂಬರ್ ಇಟ್ಕೊಳ್ಳೋದಾ, ಸಾರ್?"

"ಬೇಡ!" ಅಪ್ಪ ತುಂಬಿದ ಬಸ್ಸಿಗೆಲ್ಲ ಕೇಳುವ ಹಾಗೆ ಹೇಳಿದರು. ತಮ್ಮ ನಗು ತಡೆಯಲಾರದೆ ಬಾಯಿಗೆ ಟವೆಲ್ ತುರುಕಿಕೊಂಡ.

"ತೆಗೆದ್ಹಾಕಿದೆ ಸಾರ್, ಹೊಸದು ತಾನೇ ಸೇರ್ಕೊಳ್ಳುತ್ತೆ." ಹುಡುಗಿ ಒಳ್ಳೆಯವಳು. "ಪ್ರತಿ ಸಲ ನಿಮಗ್ಯಾಕೆ ತೊಂದ್ರೆ? ಲೈನನ್ನ ಮಗಳ ಹೆಸರಿಗೇ ಮಾಡ್ಬಿಡ್ಲಾ?"

ಅವಳು ಫೋನಿಗೆ ಕೈ ಅಡ್ಡ ಹಿಡಿಯುವಷ್ಟರಲ್ಲಿ ಅಪ್ಪ, "ಬೇಡ."

"ಸರಿ ಸಾರ್, ಹಾಗೇ ಇರ್ಲಿ." ಫೋನು ಕಟ್ಟಾಯಿತು.

ಅವಳು ಅಪ್ಪನನ್ನು ನೋಡಿದಳು. ಅಪ್ಪ ಅವಳನ್ನೇ ನೋಡುತ್ತಿದ್ದರು. ತುಟಿ ಅದುರುತ್ತಿತ್ತು. ಬೇರೊಂದು ಮಾತಿಗೆ ತಡಕಾಡುತ್ತಿದ್ದಾರೋ, ಆಡಬೇಕಾದ್ದನ್ನು ಆಡಿ ಮುಗಿಸಿದ್ದಾರೋ ತಿಳಿಯಲಿಲ್ಲ.

"ಬಿಡಕ್ಕಾ, ಅವರಿಗೆ ಬರೋದೇ ಅದೊಂದು."

"ಹೂಂ."

ಪರದೆಯ ಮೇಲೆ ಫೈಲುಗಳು ಬಂದು ಬೀಳತೊಡಗಿದ್ದವು. ಸಂಜೆಗೆ ಇನ್ನೂ ಹೊತ್ತಿತ್ತು. ಅವಳು ಕುರ್ಚಿ ಮುಂದಕ್ಕೆಳೆದುಕೊಂಡು ಇಯರ್‌ಫೋನ್ ಸಿಕ್ಕಿಸಿಕೊಂಡಳು. ವೈದ್ಯರೊಬ್ಬರು ಯಾರದೋ ಎದೆಬಡಿತದ ಬಗ್ಗೆ ಹೇಳುತ್ತಿದ್ದರು. ಮೊದಲ ವಾಕ್ಯವನ್ನೇ ಅವಳು ಮತ್ತೆ ಮತ್ತೆ ಹಿಂದಕ್ಕೆ ಹಾಕಿ ಕೇಳಬೇಕಾಯಿತು.