ಹತ್ತಕ್ಕೆ ಹತ್ತು ಕೊಟ್ಟ ಹುಡುಗಿ

ಸುಲ್ತಾನ್‌ಪೇಟೆಯಲ್ಲಿ ನನ್ನದು ಮದುವೆ ಕಾರ್ಡಿನ ಅಂಗಡಿ. ಮಾವನವರು ಇಟ್ಟದ್ದು, ಗಂಡ ನಡೆಸಿದ್ದು. ಅವರು ಹೋದ ಮೇಲೆ ಎನ್.ಆರ್. ಕಾಲೋನಿಯಿಂದ ದಿನಾ ಆಟೋದಲ್ಲಿ ಬಂದು ನಾನೇ ಶಟರ್ ಎತ್ತುತ್ತೇನೆ. ಜನ ಮೊಬೈಲಿನಲ್ಲೇ ಮದುವೆಗೆ ಕರೆಯಲು ಶುರುಮಾಡಿದ ಮೇಲೆ, ಕಾರ್ಡಿನ ಅಂಗಡಿಗಳೇ ತುಂಬಿದ ನಮ್ಮ ಬೀದಿ ಒಣಗಿತು. ಕೆಲವು ಅಂಗಡಿಯವರು ಸೇರಿ ಗುಂಪು ಕಟ್ಟಿಕೊಂಡು, ಎಲ್ಲರ ಕೆಲಸವನ್ನೂ ಚಾಮರಾಜಪೇಟೆಯ ಒಂದೇ ಪ್ರೆಸ್ಸಿಗೆ ಕೊಡುವುದು ಅಂತ ಮಾತಾಯಿತು. ಅಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ನಮ್ಮ ಅಧ್ಯಕ್ಷರಿಗೆ ಒಬ್ಬ ಬಿಸಿನೆಸ್ ಸಲಹೆಗಾರ ಬೇಕು ಅನ್ನಿಸಿತು.

ಬಂದ ಮಹಾನುಭಾವ. ಕಾಲಿಗೆ ಬಿಳಿ ಶೂ, ಕೈಯಲ್ಲಿ ಲ್ಯಾಪ್‌ಟಾಪು. ಮೊದಲ ಮೀಟಿಂಗಿನಲ್ಲೇ, ಸಲಹೆಗಾರನಿಗೂ ಗುಂಪಿಗೂ ನಂಬಿಕೆ ಬೆಳೆಯಬೇಕು ಅಂತ ಒಂದು ಆಟ ಆಡಿಸಿದ. ಒಬ್ಬರು ಕಣ್ಣು ಮುಚ್ಚಿ ಹಿಂದಕ್ಕೆ ಬೀಳಬೇಕಂತೆ, ಇನ್ನೊಬ್ಬರು ಹಿಡಿಯಬೇಕಂತೆ. ಅಧ್ಯಕ್ಷರಿಗೆ ಆಗಷ್ಟೇ ಹರ್ನಿಯಾ ಆಪರೇಷನ್ ಆಗಿತ್ತು. ಬೆಳಗಾದರೆ ಪಕ್ಕದ ಅಂಗಡಿಯ ಗಿರಾಕಿಯನ್ನು ಕೈಬೀಸಿ ಕರೆಯುವ ಜನ ನಾವು. ಬಿದ್ದರೆ ಯಾರೂ ಹಿಡಿಯುವುದಿಲ್ಲ ಅಂತ ಎಲ್ಲರಿಗೂ ಗೊತ್ತಿತ್ತು. ಹಾಗಾಗಿ ಎಲ್ಲರೂ ಗೋಡೆಗೆ ಒರಗಿ ನಿಂತೆವು. ಅದನ್ನೇ ಅವನು ‘ರೆಸಿಸ್ಟೆನ್ಸ್’ ಅಂತ ಬರೆದುಕೊಂಡ. ಇವನ ತಲೆ!

ಎರಡನೇ ಮೀಟಿಂಗಿನಲ್ಲಿ ಮದುವೆ ಮುಗಿದ ಮನೆಗಳಿಗೆಲ್ಲ ಫೋನ್ ಮಾಡಿಸುವ ಮಾತು ತೆಗೆದ.

‘ಸರ್ವಿಸ್ ಹೇಗಿತ್ತು ಅಂತ ಕೇಳ್ಬೇಕು ಮೇಡಂ. ರಿಲೇಶನ್‌ಶಿಪ್ ಬೆಳೆಯುತ್ತೆ.’

‘ಅದು ನಮ್ಮಲ್ಲಿ ಇಲ್ಲಪ್ಪ’ ಅಂದೆ. ಸಮಾಧಾನವಾಗಿಯೇ ವಿವರಿಸಿದೆ. ಕಾರ್ಡು ಕೊಟ್ಟ ಮೇಲೆ ಆ ಮನೆಗೆ ನಾವಾಗಿ ಫೋನ್ ಮಾಡುವುದಿಲ್ಲ. ಮದುವೆ ನಡೆದಿದ್ದರೆ ನಾಮಕರಣಕ್ಕೋ ಗೃಹಪ್ರವೇಶಕ್ಕೋ ಅವರೇ ಬರುತ್ತಾರೆ. ಮುರಿದಿದ್ದರೆ ಕಾರ್ಡಿನ ಕಟ್ಟು ವಾಪಸ್ಸು ಬರುತ್ತದೆ. ದೇವರ ಹೆಸರಿರುವ ಕಾಗದ, ಕಸಕ್ಕೆ ಹಾಕುವಂತಿಲ್ಲ. ಮನೆಯಲ್ಲಿ ಇಟ್ಟುಕೊಂಡರೆ ಹೊಟ್ಟೆ ಉರಿಯುತ್ತದೆ. ನಾವು ಅದನ್ನು ಇಸಿದುಕೊಂಡು, ಹಿಂದಿನ ತೊಟ್ಟಿಯಲ್ಲಿ ನೆನೆಸಿ, ಮುದ್ದೆಯಾದ ಮೇಲೆ ಗಿಡದ ಬುಡಕ್ಕೆ ಹಾಕುತ್ತೇವೆ. ಯಾಕೆ ಅಂತ ಕೇಳುವುದಿಲ್ಲ.

‘ಓಲ್ಡ್ ಮೈಂಡ್‌ಸೆಟ್ ಮೇಡಂ’ ಅಂದು ನಕ್ಕ. ನಾನು ನನ್ನ ಗಿರಾಕಿಗಳ ನಂಬರು ಕೊಡುವುದಿಲ್ಲ ಅಂತ ಎದ್ದು ಬಂದೆ.

ನನಗೆ ಅಷ್ಟು ಹಟ ಯಾಕೆ ಅಂದರೆ, ಆ ತಿಂಗಳೇ ತರಗುಪೇಟೆಯ ಒಬ್ಬ ಬೇಳೆ ವ್ಯಾಪಾರಿ ಮಗಳ ಮದುವೆಯ ಕಾರ್ಡುಗಳನ್ನೆಲ್ಲ ಗೋಣಿಚೀಲದಲ್ಲಿ ತುಂಬಿ ತಂದು ನನ್ನ ಕೌಂಟರಿನ ಕೆಳಗೆ ಇಟ್ಟಿದ್ದರು. ಒಂದೂ ಹಂಚಿರಲಿಲ್ಲ. ತೂಕದ ಮನುಷ್ಯ, ನಿಂತುಕೊಂಡೇ ಕಣ್ಣೊರೆಸಿಕೊಂಡರು.

‘ಯಾರಿಗೂ ಗೊತ್ತಾಗೋದು ಬೇಡಮ್ಮ. ಇನ್ನೊಂದು ಕಡೆ ಮಾತಾಡ್ತಿದೀವಿ. ಮುರಿದ ಮದುವೆ ಅಂತ ಪೇಟೆಲಿ ಸುದ್ದಿಯಾದ್ರೆ ಅದೂ ಹೋಗುತ್ತೆ.’

‘ಈ ಕೌಂಟರ್ ದಾಟಲ್ಲ ಸ್ವಾಮಿ. ನೀವು ನಿಶ್ಚಿಂತೆಯಾಗಿ ಹೋಗ್ಬನ್ನಿ’ ಅಂದೆ. ಅವರ ಹುಡುಗಿ ನನಗೆ ಗೊತ್ತು. ಬಣ್ಣ ಆರಿಸಲು ಬಂದು ಅರ್ಧ ದಿನ ಕೂತಿದ್ದಳು. ಕೊನೆಗೆ ಅರಿಶಿನಕ್ಕೆ ಹತ್ತಿರದ ಒಂದು ಬಣ್ಣ ಹಿಡಿದು, ಪ್ರೂಫನ್ನು ತಾನೇ ಮೊಬೈಲಿನಲ್ಲಿ ನೋಡಿ ಒಪ್ಪಿದ್ದಳು.

ಆ ಪ್ರೂಫು ಕಳಿಸಿದ್ದು ಚಾಮರಾಜಪೇಟೆಯ ಪ್ರೆಸ್ಸಿನವರು. ನಾನು ಕೊಡದ ನಂಬರುಗಳನ್ನು ಸಲಹೆಗಾರ ಅಲ್ಲಿಂದ ಎತ್ತಿದ. ಅಧ್ಯಕ್ಷರು ಹೂಂ ಅಂದಿದ್ದರಂತೆ. ಥೂ, ಅದಕ್ಕೆ ಅಧ್ಯಕ್ಷರು ಬೇರೆ!

ಮೂರನೇ ಮೀಟಿಂಗಿನಲ್ಲಿ ಪ್ರೊಜೆಕ್ಟರಿನಿಂದ ಗೋಡೆಯ ಮೇಲೆ ಚಿತ್ರ ಬಿಟ್ಟು, ‘ಈಗ ನಮ್ಮ ಬೆಸ್ಟ್ ಫೀಡ್‌ಬ್ಯಾಕ್ ಕೇಳಿ’ ಅಂದ. ರೆಕಾರ್ಡಾದ ಫೋನು ಮಾತಾಡತೊಡಗಿತು.

‘ನಮಸ್ತೆ ಮೇಡಂ. ನಿಮ್ಮ ಮದುವೆ ಹೇಗಾಯ್ತು?’ ಅದು ಅವನ ಆಫೀಸಿನ ಹುಡುಗಿ.

‘ಮದುವೆ... ಆಗ್ಲಿಲ್ಲ.’

ದನಿಯ ಗುರುತು ಸಿಕ್ಕಿತು. ಬೇಳೆ ವ್ಯಾಪಾರಿಯ ಮಗಳು.

‘ಓಕೆ ಮೇಡಂ. ಕಾರ್ಡಿಗೆ ಹತ್ತಕ್ಕೆ ಎಷ್ಟು ಕೊಡ್ತೀರಾ?’

‘ಹತ್ತು. ಕಾರ್ಡು ತುಂಬ ಚೆನ್ನಾಗಿತ್ತು.’

‘ನೋಡಿ ಸಾರ್! ಮದುವೆನೇ ಆಗಿಲ್ಲ, ಆದ್ರೂ ಹತ್ತಕ್ಕೆ ಹತ್ತು! ಇದಕ್ಕೆ ಬ್ರ್ಯಾಂಡ್ ಅನ್ನೋದು!’ ಅಂತ ಅವನು ಚಪ್ಪಾಳೆ ತಟ್ಟಿದ. ಗೋಡೆಯ ಮೇಲೆ ಆ ಹುಡುಗಿಯ ಹೆಸರು, ಅಪ್ಪನ ಅಂಗಡಿಯ ಹೆಸರು, ಮೊಳದುದ್ದದ ಅಕ್ಷರಗಳಲ್ಲಿ. ಎದುರಿಗೆ ಕೂತವರಲ್ಲಿ ಒಬ್ಬರಿಗೆ ತರಗುಪೇಟೆಯಲ್ಲೇ ಅಕ್ಕಿ ಮಂಡಿ ಇಟ್ಟ ಬೀಗರಿದ್ದರು. ಅವರು ಕನ್ನಡಕ ಹಾಕಿಕೊಂಡು ಓದುತ್ತಿದ್ದರು.

‘ಆರಿಸೋ ಅದನ್ನ!’ ಎಂದು ಕಿರುಚಿದೆ. ‘ಹೆಣ್ಣುಮಗು ಅಳು ನುಂಗ್ಕೊಂಡು ಮರ್ಯಾದೆಯಿಂದ ಮಾತಾಡಿದಾಳೆ, ನೀನು ಚಪ್ಪಾಳೆ ತಟ್ತೀಯಾ? ಮನುಷ್ಯನೇನಯ್ಯಾ ನೀನು?’

‘ಮೇಡಂ ಎಮೋಷನಲ್ ಆಗ್ತಿದಾರೆ. ಪಾಸಿಟಿವ್ ಫೀಡ್‌ಬ್ಯಾಕ್ ಅಲ್ವಾ ಇದು?’ ಅಂತ ಅವನು ಅಧ್ಯಕ್ಷರ ಕಡೆ ತಿರುಗಿದ.

‘ಬಿಡೀಮ್ಮ, ಹುಡುಗ ಹೊಸಬ’ ಅಂದರು ಅಧ್ಯಕ್ಷರು. ಅವರ ಮುಂದೆ ಬೋಂಡದ ತಟ್ಟೆಯಿತ್ತು. ಅದನ್ನು ಹತ್ತಿರಕ್ಕೆ ಎಳೆದುಕೊಂಡರು.

ಅವತ್ತೇ ನಾನು ಗುಂಪು ಬಿಟ್ಟೆ. ಬಿಟ್ಟು ಏನು ಬಂತು? ವಾರ ಕಳೆಯುವುದರೊಳಗೆ ಹುಡುಗಿಗೆ ನೋಡಿದ್ದ ಆ ಇನ್ನೊಂದು ಗಂಡಿನ ಕಡೆಯವರು ಮಾತು ನಿಲ್ಲಿಸಿದರು ಅಂತ ಕಿವಿಗೆ ಬಿತ್ತು. ವ್ಯಾಪಾರಿ ನನ್ನನ್ನು ಒಂದು ಮಾತೂ ಕೇಳಲಿಲ್ಲ. ಕೇಳಿ ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು. ಆ ಸಲಹೆಗಾರ ಈಗ ಪಾತ್ರೆ ಅಂಗಡಿಯವರಿಗೆ ನಂಬಿಕೆ ಕಲಿಸುತ್ತಿದ್ದಾನಂತೆ. ಅವರ ಕರ್ಮ.

ಮೊನ್ನೆ ಮಧ್ಯಾಹ್ನ ಅಂಗಡಿಯಲ್ಲಿ ಕೂತಿದ್ದಾಗ ಫೋನು ಬಂತು. ಬೇಳೆ ವ್ಯಾಪಾರಿ. ಎಷ್ಟೋ ತಿಂಗಳ ಮೇಲೆ.

‘ಅಮ್ಮ, ಮಗಳ ಮದುವೆ ಆಯ್ತು. ನಿನ್ನೆ.’

‘ಅಯ್ಯೋ, ಒಳ್ಳೇದಾಯ್ತು ಸ್ವಾಮಿ!’ ಅಂದೆ. ನಿಜಕ್ಕೂ ಕಣ್ಣು ತುಂಬಿತು.

‘ಕಾರ್ಡು ಹೊಡೆಸ್ಲಿಲ್ಲಮ್ಮ. ಮೊಬೈಲಲ್ಲೂ ಕಳಿಸ್ಲಿಲ್ಲ. ಮನೆ ಮನೆಯವ್ರೇ ದೇವಸ್ಥಾನದಲ್ಲಿ ಮಾಡ್ಬಿಟ್ವಿ. ತಾಳಿ ಕಟ್ಟೋವರ್ಗೂ ನಿಮ್ಮ ಬೀದಿಗೆ ಗೊತ್ತಾಗೋದು ಬೇಡ ಅಂತ ಮಗಳೇ ಹೇಳಿದ್ಲು. ತಪ್ಪು ತಿಳ್ಕೋಬೇಡಿ.’

‘ಇಲ್ಲ ಸ್ವಾಮಿ’ ಅಂದೆ. ಅವರು ಇನ್ನೂ ಫೋನು ಇಟ್ಟಿರಲಿಲ್ಲ. ಮದುವೆ ಹೇಗಾಯಿತು ಎಂದು ಕೇಳಲು ನನಗೆ ಬಾಯಿ ಬರಲಿಲ್ಲ.